ತೆರೆದ ವಿಂಡೋ ಮುಚ್ಚುವವರು ಯಾರು?

ಕಲಬುರಗಿ ಗಂಜಿನಲ್ಲಿ (ಧಾನ್ಯದ ಸಗಟು ಮಾರುಕಟ್ಟೆಯಲ್ಲಿ) ತೊಗರಿ ಸೀಜನ್ ಅಂದರೆ ಡಿಸೆಂಬರಿನಿಂದ ಫೆಬ್ರುವರಿ. ಆ ದಿನಗಳಲ್ಲಿ ಯಾವುದಾದರೂ ಅಡತಿ (ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರ ಹಿಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಅವರ ಸಾಫ್ಟ್‌ವೇರ್ ಬರೆದವರು ಎಲ್ಲಿ ಯೋಚಿಸಿದ್ದಾರೆ, ಎಲ್ಲಿ ಯೋಚಿಸಿಲ್ಲ ಎಂಬುದು ತಿಳಿದುಬಿಡುತ್ತದೆ. ಮಾಲಿನ ತೂಕ ಆಗಿದೆ. ಮುನೀಮರು ರೈತರಿಗೆ ಕೊಡುವ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಮಾಡಲು ಕೂತಿದ್ದಾರೆ. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು ಎಲ್ಲ ತುಂಬಿ ರೈತರ ಹೆಸರು ಹುಡುಕಿದರೆ ಯಾದಿಯಲ್ಲಿ ಆ ಹೆಸರೇ ಇಲ್ಲ. ಈ ವರ್ಷ ಮೊದಲ ಸಲ ಬಂದವರು. ‘ಹೊಸ ರೈತ’ ವಿಂಡೋ ತೆರೆದು ಹೆಸರು, ಊರು, ಬ್ಯಾಂಕ್ ಖಾತೆ ಸೇರಿಸಿ, ಸೇವ್ ಮಾಡಿ, ಪಟ್ಟಿಗೆ ಮರಳುತ್ತಾರೆ. ಯಾದಿಯಲ್ಲಿ ಹೆಸರು ಈಗಲೂ ಇಲ್ಲ. ಪಟ್ಟಿಯ ವಿಂಡೋ ಮುಚ್ಚಿ ಮತ್ತೆ ತೆರೆದರೆ ಹೆಸರು ಬರುತ್ತದೆ, ಆದರೆ ತುಂಬಿದ ತೂಕವೆಲ್ಲ ಹೋಗಿರುತ್ತದೆ.

ಅಷ್ಟರಲ್ಲಿ ಇನ್ನೊಬ್ಬರು ಬಂದು ‘ನಂದು ಬಾಕಿ ಎಷ್ಟದ ನೋಡ್ರಿ’ ಅನ್ನುತ್ತಾರೆ. ಖಾತೆಯ ವಿಂಡೋ ತೆರೆಯುತ್ತದೆ, ಪಟ್ಟಿಯನ್ನು ಮರೆಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ರೈತರ ಖಾತೆ ಮೂರು ಕಡೆ ತೆರೆದಿರುತ್ತದೆ, ಒಂದೊಂದರಲ್ಲಿ ಒಂದೊಂದು ಬಾಕಿ. ಸಂಜೆ ಎಲ್ಲ ಮುಚ್ಚಿ ಹೋಗುತ್ತಾರೆ. ಮರುದಿನ ಐಕಾನ್ ಒತ್ತಿದರೆ ‘ಪ್ರೋಗ್ರಾಂ ಈಗಾಗಲೇ ಚಾಲೂ ಇದೆ’ ಎಂಬ ಸಂದೇಶ ಬರುತ್ತದೆ. ಎಲ್ಲಿ ಚಾಲೂ ಇದೆ ಅಂತ ಹುಡುಕಿದರೆ ಪರದೆಯ ಮೇಲೆ ಏನೂ ಇಲ್ಲ.

ನೋಡಲು ಇವು ಬೇರೆ ಬೇರೆ ತೊಂದರೆಗಳು. ಇಲ್ಲಿನ ಇಂಜಿನಿಯರಿಂಗ್, ಡಿಪ್ಲೊಮಾ ಮುಗಿಸಿ ಇಂಥ ಸಾಫ್ಟ್‌ವೇರ್ ಬರೆಯುವ ಹುಡುಗರು ಒಂದೊಂದನ್ನೂ ಬೇರೆ ಬೇರೆಯಾಗಿಯೇ ರಿಪೇರಿ ಮಾಡುತ್ತಾರೆ. ಇಲ್ಲೊಂದು ರಿಫ್ರೆಶ್ ಬಟನ್, ಅಲ್ಲೊಂದು ಟೈಮರ್. ನನ್ನ ಪ್ರಕಾರ ಎಲ್ಲದರ ಬೇರು ಒಂದೇ. ‘ಈ ವಿಂಡೋದಿಂದ ಆ ವಿಂಡೋಕ್ಕೆ ಹೋಗುವುದು ಹೇಗೆ’ ಎಂದಷ್ಟೇ ಕೇಳಿ ಕೋಡ್ ಬರೆದಿರುತ್ತಾರೆ. ಪ್ರತಿ ವಿಂಡೋ ಬಗ್ಗೆ ಮೊದಲು ಕೇಳಬೇಕಾದದ್ದು ಇಷ್ಟು: ಇದನ್ನು ತೆರೆದವರು ಯಾರು, ಇದು ಯಾರಿಗೆ ಉತ್ತರ ಕೊಡಬೇಕು, ಮುಚ್ಚಿದಾಗ ಏನಾಗಬೇಕು.

ಒಂದರ ಮೇಲೊಂದು

ವಿಂಡೋಗಳು ಒಂದರ ಮೇಲೊಂದು ಬೀಳುವುದು ಮೊದಲಿನಿಂದಲೂ ಎಲ್ಲ ಕಡೆ ಇದ್ದ ವ್ಯವಸ್ಥೆಯಲ್ಲ. 1973ರಲ್ಲಿ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ತಯಾರಾದ ಆಲ್ಟೊ ಕಂಪ್ಯೂಟರಿನ ಮೇಲೆ, ಮುಂದೆ ಸ್ಮಾಲ್‌ಟಾಕ್ ಎಂಬ ವ್ಯವಸ್ಥೆಯಲ್ಲಿ, ಇದು ಬೆಳೆಯಿತು. 1984ರಲ್ಲಿ ಮ್ಯಾಕಿಂಟಾಶ್ ಅದನ್ನು ಜನರ ಕೈಗೆ ತಂದಿತು. ಮೈಕ್ರೋಸಾಫ್ಟಿನ ಮೊದಲ ವಿಂಡೋಸ್ 1985ರಲ್ಲಿ ಬಂದಾಗ ಅದರ ಮುಖ್ಯ ವಿಂಡೋಗಳು ಅಕ್ಕಪಕ್ಕ ಜೋಡಿಸಿಕೊಳ್ಳುತ್ತಿದ್ದವೇ ಹೊರತು ಒಂದರ ಮೇಲೊಂದು ಬೀಳುತ್ತಿರಲಿಲ್ಲ. ಆ ಸೌಲಭ್ಯ ಬಂದದ್ದು 1987ರ ಎರಡನೆಯ ಆವೃತ್ತಿಯಲ್ಲಿ.

ಒಂದರ ಮೇಲೊಂದು ಬೀಳುವುದು ಶುರುವಾದ ಕೂಡಲೇ ಮೇಲೆ ಯಾವುದು, ಕೆಳಗೆ ಯಾವುದು ಎಂಬ ಲೆಕ್ಕ ಇಡಲೇಬೇಕಾಯಿತು. ಆಪರೇಟಿಂಗ್ ಸಿಸ್ಟಂ ಪ್ರತಿ ವಿಂಡೋಕ್ಕೆ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಅದಕ್ಕೆ ಹ್ಯಾಂಡಲ್ ಅನ್ನುತ್ತಾರೆ. ಮೇಲಿನಿಂದ ಕೆಳಗಿನವರೆಗೆ ಅವುಗಳ ಕ್ರಮವನ್ನೂ ಇಟ್ಟುಕೊಂಡಿರುತ್ತದೆ, ಅದು ಝಡ್-ಆರ್ಡರ್. ಕೀಬೋರ್ಡಿನಲ್ಲಿ ಒತ್ತಿದ್ದು ಯಾರಿಗೆ ಹೋಗಬೇಕು ಎಂಬುದು ಫೋಕಸ್. ಈ ಮೂರೂ ಬೇರೆ ಬೇರೆ. ಒಂದು ವಿಂಡೋ ಕಣ್ಣಿಗೆ ಪೂರ್ತಿ ಕಾಣುತ್ತಿದ್ದರೂ ಫೋಕಸ್ ಇನ್ನೆಲ್ಲೋ ಇರಬಹುದು. ಮುನೀಮರು ಹೊಡೆದ ದರ ಕೆಲವೊಮ್ಮೆ ತೂಕದ ಜಾಗದಲ್ಲಿ ಕೂರುವುದು ಹೀಗೆಯೇ.

ವಿಂಡೋಗಳ ನಡುವಿನ ಸಂಬಂಧ ಮೂರು ಬಗೆ. ಒಂದು ಇನ್ನೊಂದರ ಒಳಗೇ ಇರುವುದು, ಅಂದರೆ ಬಟನ್, ಪೆಟ್ಟಿಗೆ ಇತ್ಯಾದಿ. ಒಂದಕ್ಕೊಂದು ಸಂಬಂಧವೇ ಇಲ್ಲದಿರುವುದು ಇನ್ನೊಂದು ಬಗೆ. ಇವೆರಡರ ನಡುವಿನದು ಒಡೆತನ, ಹೆಚ್ಚಿನವರು ಮರೆಯುವುದು ಇದನ್ನೇ. ‘ಹೊಸ ರೈತ’ ವಿಂಡೋಕ್ಕೆ ಪಟ್ಟಿಯ ವಿಂಡೋ ಒಡೆಯ ಅಂತ ಹೇಳಿದರೆ ವಿಂಡೋಸ್ ಮೂರು ಕೆಲಸ ತಾನಾಗಿ ಮಾಡುತ್ತದೆ: ಒಡೆತನದಲ್ಲಿರುವುದು ಯಾವಾಗಲೂ ಒಡೆಯನ ಮೇಲೆಯೇ ಇರುತ್ತದೆ, ಒಡೆಯನನ್ನು ಮಿನಿಮೈಸ್ ಮಾಡಿದರೆ ಇದೂ ಮರೆಯಾಗುತ್ತದೆ, ಒಡೆಯ ನಾಶವಾದರೆ ಇದೂ ನಾಶವಾಗುತ್ತದೆ.

ಈ ಒಂದು ಮಾತು ಹೇಳದೆ ಹೋದರೆ ಏನಾಗುತ್ತದೆ? ‘ಹೊಸ ರೈತ’ದಂಥ ಡೈಲಾಗ್, ಅಂದರೆ ಉತ್ತರ ಕೇಳುವ ಚಿಕ್ಕ ವಿಂಡೋ, ತೆರೆದಿದೆ. ಮುನೀಮರು ಆಲ್ಟ್-ಟ್ಯಾಬ್ ಒತ್ತಿ ವಾಟ್ಸ್ಯಾಪಿನಲ್ಲಿ ಬಂದ ದರ ನೋಡಿ ಮರಳುತ್ತಾರೆ. ಮುಖ್ಯ ವಿಂಡೋ ಮುಂದೆ ಬರುತ್ತದೆ, ಡೈಲಾಗ್ ಅದರ ಹಿಂದೆ ಉಳಿಯುತ್ತದೆ. ಮುಖ್ಯ ವಿಂಡೋ ಡೈಲಾಗಿನ ಉತ್ತರಕ್ಕೆ ಕಾಯುತ್ತಿರುವುದರಿಂದ ಯಾವ ಕ್ಲಿಕ್ಕನ್ನೂ ತೆಗೆದುಕೊಳ್ಳುವುದಿಲ್ಲ. ಆಗ ಫೋನ್ ಬರುತ್ತದೆ: ‘ಸರ್, ಹ್ಯಾಂಗ್ ಆಗ್ಯಾದ ನೋಡ್ರಿ, ಎಲ್ಲಿ ಒತ್ತಿದ್ರೂ ಟಣ್ ಅಂತದ, ಮುಂದ ಹೋಗವಲ್ದು.’ ಖರೆ ಅಂದರೆ ಏನೂ ಹ್ಯಾಂಗ್ ಆಗಿಲ್ಲ. ಮೈಕ್ರೋಸಾಫ್ಟಿನ ವಿಂಡೋ ಕಟ್ಟುವ ಸಾಮಗ್ರಿಯಾದ ಡಬ್ಲ್ಯೂಪಿಎಫ್‌ನಲ್ಲಿ ಇದು ಹೆಚ್ಚು, ಏಕೆಂದರೆ ಅಲ್ಲಿ ಒಡೆಯ ಯಾರೆಂದು ನೀವೇ ಬರೆಯಬೇಕು. ಅದೇ ಬಗೆಯ ಹಳೆಯ ವಿನ್‌ಫಾರ್ಮ್ಸ್‌ನಲ್ಲಿ ಡೈಲಾಗ್ ತೆರೆಯುವ ಶೋಡೈಲಾಗ್ ಕರೆದಾಗ ಒಡೆಯನ ಹೆಸರು ಕೊಡದಿದ್ದರೆ ಆ ಕ್ಷಣ ಎಚ್ಚರವಿರುವ ವಿಂಡೋವನ್ನೇ ಅದು ಒಡೆಯನಾಗಿ ಹಿಡಿಯುತ್ತದೆ. ಬಹಳ ಸಲ ಅದು ಸರಿಹೋಗುತ್ತದೆ, ಆದರೆ ಅದರ ಮೇಲೆ ಭರವಸೆ ಇಡಬೇಡಿ. ಪೈಥಾನಿನ ವಿಂಡೋ ಸಾಮಗ್ರಿ ಟಿಕಿಂಟರ್ ಬಳಸುವವರಿಗೆ ‘ಟ್ರಾನ್ಸಿಯೆಂಟ್’ ಎಂಬ ಕರೆ ಇದೇ ಕೆಲಸಕ್ಕೆ ಇದೆ.

ಉತ್ತರ ಬೇಕೇ, ನೋಡಿದರೆ ಸಾಕೇ?

ಮೋಡಲ್ ಅಂದರೆ ಉತ್ತರ ಕೊಡುವವರೆಗೆ ಬಿಡದ ವಿಂಡೋ. ಒಳಗೆ ನಡೆಯುವುದು ಸರಳ: ಸಿಸ್ಟಂ ಒಡೆಯನನ್ನು ನಿಷ್ಕ್ರಿಯ ಮಾಡುತ್ತದೆ, ಡೈಲಾಗ್ ತನ್ನದೇ ಸಂದೇಶಗಳ ಸುತ್ತು ನಡೆಸುತ್ತದೆ, ನಿಮ್ಮ ಕೋಡ್ ಆ ಸಾಲಿನಲ್ಲೇ ನಿಂತು ಕಾಯುತ್ತದೆ. ಡೈಲಾಗ್ ಮುಚ್ಚಿದ ಮೇಲೆ ‘ಸರಿ’ ಬಂತೋ ‘ಬೇಡ’ ಬಂತೋ ಎಂಬ ಉತ್ತರದೊಂದಿಗೆ ಮುಂದಿನ ಸಾಲಿಗೆ ಹೋಗುತ್ತದೆ. ಬರೆಯುವವರಿಗೆ ಇದಕ್ಕಿಂತ ಸುಖ ಇಲ್ಲ. ಅದಕ್ಕೇ ಎಲ್ಲವನ್ನೂ ಮೋಡಲ್ ಮಾಡುವ ಚಟ ಹತ್ತುತ್ತದೆ.

ಬಳಸುವವರಿಗೆ ಅದು ಸುಖವಲ್ಲ. ಝೆರಾಕ್ಸ್ ಮತ್ತು ಆಪಲ್ ಎರಡೂ ಕಡೆ ಕೆಲಸ ಮಾಡಿದ ಲ್ಯಾರಿ ಟೆಸ್ಲರ್, ಕಟ್-ಕಾಪಿ-ಪೇಸ್ಟ್ ನಮಗೆ ಕೊಟ್ಟವರಲ್ಲಿ ಒಬ್ಬರು, ಮೋಡ್‌ಗಳನ್ನು (ಒಂದೇ ಕೀಲಿ ಒಂದೊಂದು ಸ್ಥಿತಿಯಲ್ಲಿ ಒಂದೊಂದು ಕೆಲಸ ಮಾಡುವುದನ್ನು) ಎಷ್ಟು ವಿರೋಧಿಸುತ್ತಿದ್ದರು ಅಂದರೆ ಕಾರಿನ ನಂಬರ್ ಪ್ಲೇಟಿನಲ್ಲೇ ‘ನೋ ಮೋಡ್ಸ್’ ಎಂದು ಬರೆಸಿಕೊಂಡಿದ್ದರು. ನಾನು ಅಷ್ಟು ದೂರ ಹೋಗುವುದಿಲ್ಲ. ಗಂಜಿನ ಕೆಲಸಕ್ಕೆ ಒಂದು ಪರೀಕ್ಷೆ ಸಾಕು: ಈ ಉತ್ತರ ಸಿಗದೆ ಮುಂದಿನ ಹೆಜ್ಜೆ ಇಡಲು ಆಗುವುದೇ ಇಲ್ಲವೇ? ಹೊಸ ರೈತರ ಹೆಸರಿಲ್ಲದೆ ಪಟ್ಟಿ ಸೇವ್ ಆಗುವುದಿಲ್ಲ, ಆದ್ದರಿಂದ ಅದು ಮೋಡಲ್. ಬಾಕಿ ನೋಡುವುದು ಪಟ್ಟಿಯನ್ನು ತಡೆಯಬೇಕಾಗಿಲ್ಲ, ಆದ್ದರಿಂದ ಅದು ಮೋಡಲ್ ಅಲ್ಲ. ‘ಅಳಿಸಲೇ?’ ಎಂಬುದು ಮೋಡಲ್. ‘ಸೇವ್ ಆಯಿತು’ ಎಂಬುದಕ್ಕಂತೂ ವಿಂಡೋವೇ ಬೇಡ, ಕೆಳಗಿನ ಸಾಲಿನಲ್ಲಿ ಬರೆದರೆ ಸಾಕು. ದಿನಕ್ಕೆ ನೂರು ಪಟ್ಟಿ ಮಾಡುವವರಿಗೆ ನೂರು ಸಲ ‘ಓಕೆ’ ಒತ್ತಿಸುವುದು ಸಾಫ್ಟ್‌ವೇರ್ ಮಾಡುವ ಕೆಲಸವಲ್ಲ.

ನಮ್ಮ ಕಡೆಯ ಲೆಕ್ಕಿಗರಿಗೆಲ್ಲ ಗೊತ್ತಿರುವ ಟ್ಯಾಲಿ ಈ ವಿಷಯಕ್ಕೆ ಒಳ್ಳೆಯ ಪಾಠ. ವೋಚರ್ ಬರೆಯುತ್ತಿರುವಾಗ ಲೆಡ್ಜರ್ ಇಲ್ಲ ಅಂದರೆ ಆಲ್ಟ್-ಸಿ ಒತ್ತಿ ಅಲ್ಲೇ ಲೆಡ್ಜರ್ ಮಾಡಿ, ಸೇವ್ ಮಾಡಿದ ಕೂಡಲೇ ಬಿಟ್ಟ ಜಾಗಕ್ಕೇ ಮರಳಬಹುದು. ಮೋಡಲ್ ಇರಬೇಕಾದದ್ದು ಹೀಗೆ. 2020ರಲ್ಲಿ ಬಂದ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್-ಜಿ ಸೇರಿತು: ಅರ್ಧ ಬರೆದ ವೋಚರ್ ಹಾಗೇ ಇರುತ್ತದೆ, ನೀವು ಇನ್ನೊಂದು ವರದಿಗೆ ಹೋಗಿ ನೋಡಿ, ಎಸ್ಕೇಪ್ ಒತ್ತಿ ಮರಳಬಹುದು. ಹತ್ತಾರು ವಿಂಡೋಗಳನ್ನು ಹರಡದೆ ಇಷ್ಟೂ ಕೆಲಸ ಆಗುತ್ತದೆ. ಕಲಬುರಗಿಯ ಮುನೀಮರ ಬೆರಳಿಗೆ ಈ ಅಭ್ಯಾಸ ಈಗಾಗಲೇ ಇದೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಎಸ್ಕೇಪ್ ಒತ್ತಿದರೆ ಒಂದು ಹೆಜ್ಜೆ ಹಿಂದೆ ಹೋಗದಿದ್ದರೆ ಅವರು ಬೈಯುವುದು ನಿಮ್ಮನ್ನೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಖಾತೆಯ ವಿಂಡೋವನ್ನು ಮೋಡಲ್ ಅಲ್ಲದ ಹಾಗೆ ತೆರೆದಿಟ್ಟು, ಪಟ್ಟಿಯಿಂದ ‘ಹೊಸ ರೈತ’ವನ್ನು ಮೋಡಲ್ ಆಗಿ ತೆರೆದಿರಿ ಅನ್ನಿ. ವಿನ್‌ಫಾರ್ಮ್ಸ್ ಮತ್ತು ಡಬ್ಲ್ಯೂಪಿಎಫ್ ಎರಡರಲ್ಲೂ ಶೋಡೈಲಾಗ್ ಒಡೆಯನನ್ನು ಮಾತ್ರವಲ್ಲ, ಅದೇ ಥ್ರೆಡ್ಡಿನ (ಪ್ರೋಗ್ರಾಮಿನೊಳಗೆ ಕೆಲಸ ನಡೆಯುವ ಒಂದು ಎಳೆಯ) ಉಳಿದ ಎಲ್ಲ ವಿಂಡೋಗಳನ್ನೂ ನಿಷ್ಕ್ರಿಯ ಮಾಡುತ್ತದೆ. ಖಾತೆಯೂ ಮರಗಟ್ಟುತ್ತದೆ. ಕ್ಯೂಟಿ ಎಂಬ ಇನ್ನೊಂದು ಸಾಮಗ್ರಿಯಲ್ಲಿ ಒಂದು ವಿಂಡೋವನ್ನು ಮಾತ್ರ ತಡೆಯುವ ಮೋಡಲ್ ಬೇರೆ, ಇಡೀ ಪ್ರೋಗ್ರಾಮನ್ನು ತಡೆಯುವುದು ಬೇರೆ, ಆರಿಸಿಕೊಳ್ಳಬಹುದು. ಮ್ಯಾಕ್‌ನಲ್ಲಿ ವಿಂಡೋದ ತಲೆಪಟ್ಟಿಯಿಂದ ಇಳಿಯುವ ಹಾಳೆ ಅದೊಂದನ್ನೇ ತಡೆಯುತ್ತದೆ.

ಬಚ್ಚಿಟ್ಟ ಲಾಗಿನ್

ಮರುದಿನ ಬೆಳಿಗ್ಗೆ ‘ಈಗಾಗಲೇ ಚಾಲೂ ಇದೆ’ ಅನ್ನುವ ತೊಂದರೆಗೆ ಬರೋಣ. ವಿನ್‌ಫಾರ್ಮ್ಸ್ ಕಲಿಯುವ ಪ್ರತಿಯೊಬ್ಬರೂ ಇದನ್ನು ಮಾಡಿರುತ್ತಾರೆ. ಪ್ರೋಗ್ರಾಂ ಲಾಗಿನ್ ಫಾರ್ಮಿನಿಂದ ಶುರುವಾಗುತ್ತದೆ (ಅಲ್ಲಿ ವಿಂಡೋಕ್ಕೆ ಫಾರ್ಮ್ ಅನ್ನುತ್ತಾರೆ). ಪಾಸ್‌ವರ್ಡ್ ಸರಿಯಾದರೆ ಲಾಗಿನ್ ಫಾರ್ಮ್ ತನ್ನನ್ನು ಹೈಡ್ ಮಾಡಿಕೊಂಡು ಮುಖ್ಯ ಫಾರ್ಮನ್ನು ತೋರಿಸುತ್ತದೆ. ಮುಖ್ಯ ಫಾರ್ಮ್ ಪಟ್ಟಿಯನ್ನು ತೆರೆದು ತಾನು ಹೈಡ್ ಆಗುತ್ತದೆ. ಪಟ್ಟಿಯಲ್ಲಿ ‘ಹಿಂದೆ’ ಒತ್ತಿದರೆ ಹೈಡ್ ಆದ ಮುಖ್ಯ ಫಾರ್ಮನ್ನು ಹುಡುಕುವ ಬದಲು ಹೊಸದೊಂದು ಮುಖ್ಯ ಫಾರ್ಮ್ ಹುಟ್ಟುತ್ತದೆ. ಮಧ್ಯಾಹ್ನದೊಳಗೆ ಕಾಣದ ಹತ್ತಾರು ಫಾರ್ಮುಗಳು ಮೆಮೊರಿಯಲ್ಲಿ ಕೂತಿರುತ್ತವೆ. ಸಂಜೆ ಕಾಣುವ ಒಂದನ್ನು ಮುಚ್ಚುತ್ತಾರೆ. ಆದರೆ ಪ್ರೋಗ್ರಾಂ ಮುಗಿಯುವುದು ಶುರುವಿನಲ್ಲಿ ಕೊಟ್ಟ ಫಾರ್ಮ್ ಮುಚ್ಚಿದಾಗ, ಅಂದರೆ ಲಾಗಿನ್ ಮುಚ್ಚಿದಾಗ. ಅದು ಬೆಳಿಗ್ಗೆಯಿಂದ ಹೈಡ್ ಆಗಿ ಕೂತಿದೆ, ಅದನ್ನು ಮುಚ್ಚುವವರೇ ಇಲ್ಲ.

ಪರಿಹಾರ ಸರಳ. ಲಾಗಿನ್ನನ್ನು ಶುರುವಿನ ಫಾರ್ಮ್ ಮಾಡಬೇಡಿ. ಮೊದಲು ಅದನ್ನು ಮೋಡಲ್ ಆಗಿ ಕೇಳಿ, ಉತ್ತರ ‘ಸರಿ’ ಬಂದರೆ ಮಾತ್ರ ಮುಖ್ಯ ಫಾರ್ಮಿನಿಂದ ಪ್ರೋಗ್ರಾಂ ಶುರುಮಾಡಿ. ಶೋಡೈಲಾಗ್‌ನಿಂದ ತೆರೆದ ವಿನ್‌ಫಾರ್ಮ್ ಮುಚ್ಚಿದರೂ ನಾಶವಾಗುವುದಿಲ್ಲ, ಬರೀ ಮರೆಯಾಗುತ್ತದೆ, ಏಕೆಂದರೆ ಮುಚ್ಚಿದ ಮೇಲೂ ಅದರಿಂದ ಉತ್ತರ ಓದಬೇಕಿರುತ್ತದೆ. ಓದಿದ ಮೇಲೆ ಡಿಸ್ಪೋಸ್ ಮಾಡುವುದು, ಅಂದರೆ ಪೂರ್ತಿ ನಾಶ ಮಾಡುವುದು, ತೆರೆದವರ ಜವಾಬ್ದಾರಿ.

ಪ್ರೋಗ್ರಾಂ ಯಾವಾಗ ಮುಗಿಯುತ್ತದೆ ಎಂಬ ನಿಯಮ ಒಂದೊಂದು ಕಡೆ ಒಂದೊಂದು. ಡಬ್ಲ್ಯೂಪಿಎಫ್ ಸಾಮಾನ್ಯವಾಗಿ ಕೊನೆಯ ವಿಂಡೋ ಮುಚ್ಚಿದಾಗ ಮುಗಿಯುತ್ತದೆ. ಮುಖ್ಯ ವಿಂಡೋ ಮುಚ್ಚಿದಾಗ, ಅಥವಾ ನೀವು ಹೇಳಿದಾಗ ಮಾತ್ರ ಎಂದು ಬದಲಿಸಬಹುದು. ಕ್ಯೂಟಿಯೂ ಕೊನೆಯ ವಿಂಡೋಕ್ಕೆ ಕಾಯುತ್ತದೆ. ಜಾವಾ ಸ್ವಿಂಗ್‌ನಲ್ಲಿ ಜೆಫ್ರೇಮಿನ (ಅಲ್ಲಿನ ಮುಖ್ಯ ವಿಂಡೋದ) ಮೂಲೆಯ ಗುಣಿಸು ಗುರುತು ಒತ್ತಿದರೆ, ನೀವು ಬೇರೆ ಹೇಳದ ಹೊರತು, ಅದು ಬರೀ ಹೈಡ್ ಆಗುತ್ತದೆ. ಮ್ಯಾಕ್‌ನಲ್ಲಿ ಎಲ್ಲ ವಿಂಡೋ ಮುಚ್ಚಿದರೂ ಪ್ರೋಗ್ರಾಂ ಉಳಿಯುವುದೇ ರೂಢಿ. ನಿಮ್ಮ ಸಾಮಗ್ರಿಯ ನಿಯಮ ಯಾವುದು ಅಂತ ಮೊದಲ ದಿನವೇ ನೋಡಿಕೊಳ್ಳಿ.

ನಡುವೆ ಒಬ್ಬರು

ಈಗ ಮುಖ್ಯ ವಿಷಯ. ಪಟ್ಟಿಯ ಫಾರ್ಮಿಗೆ ಖಾತೆಯ ಫಾರ್ಮ್ ಗೊತ್ತು, ಖಾತೆಗೆ ರಸೀದಿ ಗೊತ್ತು, ರಸೀದಿಗೆ ಮತ್ತೆ ಪಟ್ಟಿ ಗೊತ್ತು. ಹೀಗೆ ಎಲ್ಲರೂ ಎಲ್ಲರನ್ನೂ ನೇರವಾಗಿ ಹುಟ್ಟಿಸುತ್ತಾ ಹೋದರೆ ಹತ್ತು ಫಾರ್ಮುಗಳ ನಡುವೆ ತೊಂಬತ್ತು ದಾರಿಗಳಾಗಬಹುದು. ಒಂದನ್ನು ಬದಲಿಸಿದರೆ ಎಷ್ಟು ಮುರಿಯುತ್ತವೆ ಎಂದು ಹೇಳುವುದು ಕಷ್ಟ.

ಅಡತಿ ಅಂಗಡಿಯಲ್ಲಿ ಹೀಗೆ ನಡೆಯುವುದಿಲ್ಲ. ತೂಕ ಮಾಡುವವರು ನೇರ ಖರೀದಿದಾರರ ಹತ್ತಿರ ಹೋಗಿ ಹಣ ಕೇಳುವುದಿಲ್ಲ, ಹಮಾಲರು ಬ್ಯಾಂಕಿಗೆ ಹೋಗುವುದಿಲ್ಲ. ಎಲ್ಲರೂ ಮುನೀಮರಿಗೆ ಹೇಳುತ್ತಾರೆ, ಮುಂದೆ ಯಾರನ್ನು ಕರೆಯಬೇಕು ಎಂಬುದು ಮುನೀಮರಿಗೆ ಗೊತ್ತು. ಪ್ರೋಗ್ರಾಮಿನಲ್ಲೂ ಅಂಥ ಒಂದು ವಸ್ತು ಇರಲಿ. ನ್ಯಾವಿಗೇಟರ್ ಅನ್ನಿ, ವಿಂಡೋ ಮ್ಯಾನೇಜರ್ ಅನ್ನಿ. ಪಟ್ಟಿಯ ಫಾರ್ಮ್ ಮಾಡುವುದು ‘ಈ ಸಂಖ್ಯೆಯ ರೈತರ ಖಾತೆ ತೋರಿಸು’ ಎಂದು ಕೇಳುವುದಷ್ಟೇ. ಖಾತೆ ಬೇರೆ ವಿಂಡೋದಲ್ಲಿ ತೆರೆಯಬೇಕೋ, ಪಕ್ಕದ ಟ್ಯಾಬಿನಲ್ಲೋ, ಎರಡನೆಯ ಮಾನಿಟರಿನಲ್ಲೋ ಎಂಬುದು ಅದಕ್ಕೆ ಬೇಡದ ಉಸಾಬರಿ.

ನ್ಯಾವಿಗೇಟರಿನ ಹೊಟ್ಟೆಯೊಳಗೆ ತೆರೆದ ವಿಂಡೋಗಳ ಒಂದು ದಾಖಲೆ ಇರುತ್ತದೆ. ಪ್ರತಿಯೊಂದಕ್ಕೂ ಒಂದು ಕೀಲಿ: ಯಾವ ಬಗೆಯ ವಿಂಡೋ, ಯಾರದು. ತರ್ಕ ಸುಮಾರು ಹೀಗೆ:

ಖಾತೆ ತೋರಿಸು (ರೈತ ಸಂಖ್ಯೆ):
ಕೀಲಿ = ‘ಖಾತೆ’ + ರೈತ ಸಂಖ್ಯೆ
ದಾಖಲೆಯಲ್ಲಿ ಕೀಲಿ ಇದ್ದರೆ: ಮಿನಿಮೈಸ್ ಆಗಿದ್ದರೆ ಎತ್ತು, ಮುಂದೆ ತಾ, ನಿಲ್ಲು
ಇಲ್ಲದಿದ್ದರೆ: ಹೊಸ ವಿಂಡೋ ಮಾಡು, ಒಡೆಯನನ್ನು ಹೇಳು, ದಾಖಲೆಗೆ ಸೇರಿಸು
ಅದು ಮುಚ್ಚಿದಾಗ: ದಾಖಲೆಯಿಂದ ತೆಗೆ
ತೋರಿಸು

ಇಷ್ಟು ಬರೆದರೆ ಒಂದೇ ರೈತರ ಖಾತೆ ಮೂರು ಕಡೆ ತೆರೆಯುವುದು ನಿಲ್ಲುತ್ತದೆ. ಕೊನೆಯಿಂದ ಎರಡನೆಯ ಸಾಲನ್ನು ಮರೆಯುವವರು ಬಹಳ. ಮರೆತರೆ ಎರಡನೆಯ ಸಲ ಖಾತೆ ಕೇಳಿದಾಗ ಸತ್ತ ವಿಂಡೋವನ್ನು ಎಬ್ಬಿಸಲು ಹೋಗಿ ಪ್ರೋಗ್ರಾಂ ಬೀಳುತ್ತದೆ. ‘ಮುಂದೆ ತಾ’ ಎಂಬುದಕ್ಕೂ ಒಂದು ಮಿತಿ ಇದೆ. ಬಳಸುವವರು ಬೇರೆ ಪ್ರೋಗ್ರಾಮಿನಲ್ಲಿ ಕೆಲಸ ಮಾಡುತ್ತಿರುವಾಗ ನಿಮ್ಮ ವಿಂಡೋ ತಾನಾಗಿ ಎದ್ದು ಮುಂದೆ ಬರಲು ವಿಂಡೋಸ್ ಬಿಡುವುದಿಲ್ಲ. ಟಾಸ್ಕ್‌ಬಾರಿನಲ್ಲಿ ಮಿಣುಕಿಸುತ್ತದೆ ಅಷ್ಟೇ. ಅದು ಒಳ್ಳೆಯದಕ್ಕೇ, ಅದನ್ನು ಮುರಿಯುವ ದಾರಿ ಹುಡುಕಬೇಡಿ.

ಹಾಗಾದರೆ ಮುಚ್ಚುವವರು ಯಾರು? ಮೋಡಲ್ ಆದರೆ ಅದನ್ನು ಕರೆದ ಕೋಡ್. ಉಳಿದವನ್ನು ನ್ಯಾವಿಗೇಟರ್. ಮುಖ್ಯ ವಿಂಡೋ ಮುಚ್ಚುವಾಗ ನ್ಯಾವಿಗೇಟರ್ ದಾಖಲೆಯಲ್ಲಿರುವ ಪ್ರತಿಯೊಂದನ್ನೂ ‘ಮುಚ್ಚಬಹುದೇ?’ ಎಂದು ಕೇಳಬೇಕು. ಒಂದು ‘ಸೇವ್ ಆಗಿಲ್ಲ, ತಡಿ’ ಅಂದರೂ ನಿಲ್ಲಬೇಕು. ಇದನ್ನು ಒಡೆತನದ ಮೇಲೆ ಬಿಡಬಾರದು ಎಂಬುದಕ್ಕೆ ಗಟ್ಟಿ ಕಾರಣ ಇದೆ. ವಿನ್‌ಫಾರ್ಮ್ಸ್‌ನಲ್ಲಿ ಒಡೆಯ ಮುಚ್ಚುವಾಗ ಒಡೆತನದ ಫಾರ್ಮಿಗೂ ‘ಮುಚ್ಚುತ್ತಿದೆ’ ಎಂಬ ಕ್ಲೋಸಿಂಗ್ ಸೂಚನೆ ಬರುತ್ತದೆ. ಡಬ್ಲ್ಯೂಪಿಎಫ್‌ನಲ್ಲಿ ಶೋ ಮೂಲಕ (ಮೋಡಲ್ ಅಲ್ಲದ ಹಾಗೆ) ತೆರೆದ ವಿಂಡೋದ ಒಡೆಯ ಮುಚ್ಚಿದರೆ ಅದಕ್ಕೆ ಕ್ಲೋಸಿಂಗ್ ಸೂಚನೆಯೇ ಬರುವುದಿಲ್ಲ. ನೀವು ಬರೆದ ‘ಸೇವ್ ಮಾಡಲೇ?’ ಎಂಬ ಪ್ರಶ್ನೆ ಕೇಳುವ ಮೊದಲೇ ವಿಂಡೋ ಹೋಗಿರುತ್ತದೆ.

ಲೆಕ್ಕ ವಿಂಡೋದಲ್ಲಿ ಇಡಬೇಡಿ

ಹೊಸ ರೈತರ ಹೆಸರು ಯಾದಿಯಲ್ಲಿ ಬಾರದಿದ್ದದ್ದು ಏಕೆ? ಪಟ್ಟಿಯ ಫಾರ್ಮ್ ತೆರೆದಾಗ ಡೇಟಾಬೇಸಿನಿಂದ ಯಾದಿಯ ಒಂದು ನಕಲು ತಂದು ತನ್ನ ಹತ್ತಿರ ಇಟ್ಟುಕೊಂಡಿತ್ತು. ಡೇಟಾಬೇಸ್ ಬದಲಾಯಿತು, ನಕಲು ಹಾಗೇ ಉಳಿಯಿತು. ಮೂರು ಖಾತೆಗಳಲ್ಲಿ ಮೂರು ಬಾಕಿ ಕಂಡದ್ದೂ ಇದೇ ಕಾರಣಕ್ಕೆ.

ಈ ಒಂದು ಸಂದರ್ಭಕ್ಕೆ ಚಿಕ್ಕ ಉಪಾಯ ಇದೆ: ಮೋಡಲ್ ವಿಂಡೋ ‘ಸರಿ’ ಎಂಬ ಉತ್ತರದ ಜೊತೆ ಹೊಸ ರೈತರ ವಿವರವನ್ನೂ ಕೊಡಲಿ, ಪಟ್ಟಿಯ ಫಾರ್ಮ್ ಅದನ್ನು ಯಾದಿಗೆ ಸೇರಿಸಿ, ಆಯ್ಕೆಯನ್ನೂ ಮಾಡಿ, ಕರ್ಸರನ್ನು ಮುಂದಿನ ಜಾಗಕ್ಕೆ ಇಡಲಿ. ಹುಡುಗರು ಇಲ್ಲಿ ಮಾಡುವುದೇನು? ‘ಹೊಸ ರೈತ’ ಫಾರ್ಮಿನೊಳಗಿಂದ ಪಟ್ಟಿ ಫಾರ್ಮಿನಲ್ಲಿ ಹೆಸರು ಆರಿಸುವ ಕಾಂಬೊ ಬಾಕ್ಸಿಗೆ ನೇರ ಕೈ ಹಾಕುತ್ತಾರೆ. ನಾಳೆ ಅದೇ ವಿಂಡೋವನ್ನು ರಸೀದಿಯಿಂದ ತೆರೆದರೆ ಅಲ್ಲಿ ಆ ಬಾಕ್ಸೇ ಇಲ್ಲ, ಪ್ರೋಗ್ರಾಂ ಬೀಳುತ್ತದೆ.

ಎಲ್ಲ ಸಂದರ್ಭಕ್ಕೂ ಆಗುವ ದಾರಿ ಬೇರೆ. ರೈತರು, ಬಾಕಿ, ದಿನದ ದರ ಇವೆಲ್ಲ ಯಾವ ವಿಂಡೋಕ್ಕೂ ಸೇರದ ಒಂದು ಜಾಗದಲ್ಲಿ ಇರಲಿ. ಬದಲಾದಾಗ ಆ ಜಾಗ ‘ಈ ರೈತರ ಬಾಕಿ ಬದಲಾಗಿದೆ’ ಎಂದು ಸೂಚಿಸಲಿ. ಬೇಕಾದ ವಿಂಡೋಗಳು ಆ ಸೂಚನೆಗೆ ಹೆಸರು ಕೊಟ್ಟಿರಲಿ, ಬಂದಾಗ ತಮ್ಮನ್ನು ಹೊಸದು ಮಾಡಿಕೊಳ್ಳಲಿ. ಯಾರು ಕೇಳುತ್ತಿದ್ದಾರೆ ಎಂಬುದು ಸೂಚಿಸುವವರಿಗೆ ಗೊತ್ತಿರಬೇಕಾಗಿಲ್ಲ. ಮೌಲ್ಯವನ್ನು ಎರಡು ಕಡೆ ಬರೆಯುವುದು ತಪ್ಪಿದರೆ ರಿಫ್ರೆಶ್ ಬಟನ್ನೇ ಬೇಡವಾಗುತ್ತದೆ.

ಆದರೆ ಹೆಸರು ಕೊಟ್ಟ ವಿಂಡೋ ಮುಚ್ಚುವಾಗ ಹೆಸರು ವಾಪಸ್ ತೆಗೆದುಕೊಳ್ಳಲೇಬೇಕು. ಇಲ್ಲವಾದರೆ ಆ ಜಾಗ ಮುಚ್ಚಿದ ವಿಂಡೋವನ್ನು ಹಿಡಿದುಕೊಂಡೇ ಇರುತ್ತದೆ, ಮೆಮೊರಿ ಬಿಡುಗಡೆಯಾಗುವುದಿಲ್ಲ. ವಿಂಡೋಸ್ ಒಂದು ಪ್ರೋಗ್ರಾಮಿಗೆ ಕೊಡುವ ವಿಂಡೋ, ಮೆನು ಮುಂತಾದ ವಸ್ತುಗಳಿಗೆ ಮಿತಿ ಇದೆ, ಸಾಮಾನ್ಯವಾಗಿ 10,000. ವಿನ್‌ಫಾರ್ಮ್ಸ್‌ನಲ್ಲಿ ಒಂದೊಂದು ಬಟನ್, ಒಂದೊಂದು ಪೆಟ್ಟಿಗೆಯೂ ಈ ಲೆಕ್ಕಕ್ಕೆ ಬರುವುದರಿಂದ ಹೈಡ್ ಮಾಡಿ ಮರೆತ ಫಾರ್ಮುಗಳು ಸೀಜನ್ನಿನ ಜೋರಿನಲ್ಲಿ ಅಲ್ಲಿಗೆ ಮುಟ್ಟುವುದು ಅಸಾಧ್ಯವೇನಲ್ಲ. ಮುಟ್ಟಿದಾಗ ಹೊಸ ವಿಂಡೋ ತೆರೆಯುವುದಿಲ್ಲ, ಅಥವಾ ಅರ್ಧಂಬರ್ಧ ತೆರೆಯುತ್ತದೆ.

ಇನ್ನೊಂದು ಮಾತು: ವಿಂಡೋವನ್ನು ಯಾವ ಥ್ರೆಡ್ ಹುಟ್ಟಿಸಿತೋ ಅದೇ ಥ್ರೆಡ್ ಮುಟ್ಟಬೇಕು. ಹಿನ್ನೆಲೆಯಲ್ಲಿ ತೂಕದ ಯಂತ್ರದಿಂದ ಅಂಕಿ ಓದುವ ಕೋಡ್ ನೇರವಾಗಿ ಪಟ್ಟಿಯ ಪೆಟ್ಟಿಗೆಯಲ್ಲಿ ಬರೆಯಬಾರದು. ಮುಖ್ಯ ಥ್ರೆಡ್ಡಿಗೆ ಕೊಟ್ಟು ಬರೆಸಬೇಕು.

ಎಷ್ಟು ವಿಂಡೋ ಬೇಕು?

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ: ಅಂಗಡಿಯ ಗಲ್ಲೆಯ ಹತ್ತಿರ ನಡೆಯುವ ಸಾಫ್ಟ್‌ವೇರಿಗೆ ಹೆಚ್ಚಿನ ವಿಂಡೋಗಳು ಬೇಡವೇ ಬೇಡ. ಒಂದು ಮುಖ್ಯ ವಿಂಡೋ, ಅದರೊಳಗೆ ಬದಲಾಗುವ ಪುಟಗಳು, ಪುಟಗಳ ಒಂದು ಸ್ಟ್ಯಾಕ್. ಮುಂದೆ ಹೋದರೆ ಪುಟ ಮೇಲೆ ಕೂಡುತ್ತದೆ, ಎಸ್ಕೇಪ್ ಒತ್ತಿದರೆ ಅದು ಹೋಗುತ್ತದೆ, ಕೆಳಗಿನ ಪುಟ ಬಿಟ್ಟ ಸ್ಥಿತಿಯಲ್ಲೇ ಕಾಣುತ್ತದೆ. ಹೈಡ್, ಶೋ, ಒಡೆತನ, ಹಿಂದೆ ಅಡಗಿದ ಡೈಲಾಗ್, ಅರ್ಧಕ್ಕಿಂತ ಹೆಚ್ಚು ತೊಂದರೆಗಳು ಹುಟ್ಟುವುದೇ ಇಲ್ಲ.

ಬೇರೆ ವಿಂಡೋ ನಿಜಕ್ಕೂ ಬೇಕಾಗುವುದು ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕಾದಾಗ. ದಾಲ್ ಮಿಲ್ಲಿನ ಲೆಕ್ಕಿಗರು ಖರೀದಿ ಬಿಲ್ಲನ್ನೂ ಗೋದಾಮಿನ ಸ್ಟಾಕನ್ನೂ ತಾಳೆ ನೋಡುವಾಗ ಒಂದೇ ವಿಂಡೋದಲ್ಲಿ ಕೂಡಿಹಾಕುವುದು ಅನ್ಯಾಯ. ಎರಡು ಮಾನಿಟರ್ ಇದ್ದವರಿಗಂತೂ ಇನ್ನೂ. ಒಂದು ದೊಡ್ಡ ವಿಂಡೋದೊಳಗೆ ಮರಿ ವಿಂಡೋಗಳನ್ನು ಇಡುವ ಎಮ್‌ಡಿಐ ಪದ್ಧತಿ ಸೋತದ್ದು ಇಲ್ಲೇ: ಮರಿ ವಿಂಡೋ ತಾಯಿಯ ಹೊರಗೆ ಹೋಗಲಾರದು, ಆದ್ದರಿಂದ ಎರಡನೆಯ ಮಾನಿಟರಿಗೆ ಎಳೆಯಲು ಆಗುವುದಿಲ್ಲ. ಎಕ್ಸೆಲ್ 2013ರ ಆವೃತ್ತಿಯಲ್ಲಿ ಅದನ್ನು ಬಿಟ್ಟು ಪ್ರತಿ ವರ್ಕ್‌ಬುಕ್ಕಿಗೂ ಬೇರೆ ವಿಂಡೋ ಕೊಟ್ಟಿತು. ಹಳೆಯ ಪುಸ್ತಕ ನೋಡಿ ಇವತ್ತೂ ಎಮ್‌ಡಿಐ ಮಾಡುವವರಿದ್ದಾರೆ, ಮಾಡಬೇಡಿ ಅನ್ನುವುದಷ್ಟೇ ನನ್ನ ಮಾತು.

ಯಾವ ದಾರಿ ಆರಿಸಿದರೂ ಫೋಕಸ್ ಮರಳುವುದನ್ನು ಕೈಯಾರೆ ಪರೀಕ್ಷಿಸಿ. ಮೌಸ್ ಕಿತ್ತಿಟ್ಟು ಒಂದು ಪೂರ್ತಿ ಪಟ್ಟಿ ಮಾಡಿ ನೋಡಿ. ಡೈಲಾಗ್ ಮುಚ್ಚಿದ ಮೇಲೆ ಕರ್ಸರ್ ಬಿಟ್ಟ ಪೆಟ್ಟಿಗೆಯಲ್ಲೇ ಇದೆಯೇ? ಕೆಲವೊಮ್ಮೆ ಡೈಲಾಗ್ ಮುಚ್ಚಿದ ಕೂಡಲೇ ನಿಮ್ಮ ಪ್ರೋಗ್ರಾಂ ಹಿಂದೆ ಸರಿದು ಹಿಂದಿದ್ದ ಬ್ರೌಸರ್ ಮುಂದೆ ಬರುತ್ತದೆ. ನೀವೇ ಕೈಯಾರೆ ಒಡೆಯನನ್ನು ನಿಷ್ಕ್ರಿಯ ಮಾಡಿದ್ದರೆ ಹೀಗಾಗುವುದು: ಡೈಲಾಗನ್ನು ಮೊದಲು ಮುಚ್ಚಿ ಆಮೇಲೆ ಒಡೆಯನನ್ನು ಎಚ್ಚರಿಸಿದರೆ, ಆ ಕ್ಷಣದಲ್ಲಿ ಫೋಕಸ್ ತೆಗೆದುಕೊಳ್ಳಲು ನಿಮ್ಮಲ್ಲಿ ಯಾರೂ ಎದ್ದಿರುವುದಿಲ್ಲ, ಸಿಸ್ಟಂ ಪಕ್ಕದವರಿಗೆ ಕೊಡುತ್ತದೆ. ಮೊದಲು ಒಡೆಯನನ್ನು ಎಚ್ಚರಿಸಿ, ಆಮೇಲೆ ಡೈಲಾಗ್ ಮುಚ್ಚಿ.

ಕರೆಂಟಿನ ಲೆಕ್ಕವನ್ನೂ ಹಿಡಿಯಬೇಕು. ಯುಪಿಎಸ್ ಇಲ್ಲದ ಅಂಗಡಿಯಲ್ಲಿ ಕರೆಂಟ್ ಹೋದರೆ ಕ್ಲೋಸಿಂಗ್ ಸೂಚನೆ ಯಾರಿಗೂ ಬರುವುದಿಲ್ಲ. ತುಂಬುತ್ತಿರುವ ಪಟ್ಟಿಯನ್ನು ಒಂದೊಂದು ಸಾಲಿಗೂ ಕರಡಾಗಿ ಡಿಸ್ಕಿಗೆ ಬರೆಯುತ್ತಿರಿ, ಮುಂದಿನ ಸಲ ತೆರೆದಾಗ ‘ಅರ್ಧ ಉಳಿದ ಪಟ್ಟಿ ಇದೆ, ಮುಂದುವರಿಸಲೇ?’ ಎಂದು ಕೇಳಿ.

ವಿಂಡೋ ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂಬುದನ್ನು ನೆನಪಿಟ್ಟು ಮರಳಿ ಅಲ್ಲೇ ತೆರೆಯುವುದು ಒಳ್ಳೆಯ ರೂಢಿ. ಆದರೆ ಮಾಲೀಕರು ಎರಡನೆಯ ಮಾನಿಟರನ್ನು ಮನೆಗೆ ಒಯ್ದ ದಿನ ಖಾತೆಯ ವಿಂಡೋ ಇಲ್ಲದ ಪರದೆಯ ಮೇಲೆ ತೆರೆಯುತ್ತದೆ. ಟಾಸ್ಕ್‌ಬಾರಿನಲ್ಲಿ ಕಾಣುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಉಳಿಸಿಟ್ಟ ಜಾಗ ಈಗ ಇರುವ ಪರದೆಗಳ ಒಳಗೆ ಬೀಳುತ್ತದೆಯೇ ಎಂದು ತೆರೆಯುವ ಮೊದಲು ನೋಡಿ, ಬೀಳದಿದ್ದರೆ ಮುಖ್ಯ ವಿಂಡೋದ ನಡುವೆ ತೆರೆಯಿರಿ. ಆ ಕೋಡ್ ಬರೆದು ಕಳಿಸುವವರೆಗೆ ಮುನೀಮರಿಗೆ ಫೋನಿನಲ್ಲಿ ಹೇಳಬಹುದಾದ ಉಪಾಯ: ಟಾಸ್ಕ್‌ಬಾರಿನಲ್ಲಿ ಆ ವಿಂಡೋ ಒತ್ತಿ, ಆಲ್ಟ್-ಸ್ಪೇಸ್, ಆಮೇಲೆ ಎಮ್, ಆಮೇಲೆ ಒಂದು ಬಾಣದ ಕೀಲಿ. ಈಗ ಮೌಸ್ ಅಲ್ಲಾಡಿಸಿದರೆ ವಿಂಡೋ ಅದರ ಹಿಂದೆಯೇ ಬರುತ್ತದೆ.